ಎಲ್‌ಪಿಯಲ್ಲಿ ಬೇಕಾದ ಸಾಲಿಗೇ ಮುಳ್ಳು ಮರಳಿಸುವುದು: ಕಟ್ಟಿದ ಕ್ರಮ, ಕೈಕೊಡುವ ಜಾಗಗಳು

ಕರ್ನಾಟಕ ಸಂಗೀತದ ಕೃತಿಯ ಒಂದು ಸಂಗತಿ (ಸಾಲನ್ನು ಬೆಳೆಸಿ ಹಾಡುವ ಒಂದು ಬಗೆ) ಕಿವಿಯಲ್ಲಿ ಕೂರಬೇಕಾದರೆ ಹತ್ತಿಪ್ಪತ್ತು ಸಲ ಕೇಳಬೇಕು. ಎಲ್‌ಪಿ ಹಾಕಿಕೊಂಡು ಕಲಿಯುವವರು ಮಾಡುವುದೇನೆಂದರೆ ಮುಳ್ಳನ್ನು ಕೈಯಲ್ಲೇ ಎತ್ತಿ, ಅಂದಾಜಿನ ಮೇಲೆ ಹಿಂದಿಡುವುದು. ಹಾಗೆ ಇಟ್ಟ ಕಡೆಯೆಲ್ಲ ಪ್ಲೇಟಿನ ಮೇಲೆ ಅಡ್ಡ ಗೀರು ಬೀಳುತ್ತದೆ, ಆಮೇಲೆ ಆ ಸಂಗತಿಗಿಂತ ಟಿಕ್ ಟಿಕ್ ಶಬ್ದವೇ ಹೆಚ್ಚು ಕೇಳುತ್ತದೆ. ಕಂಪ್ಯೂಟರಿಗೆ ಇಳಿಸಿಕೊಂಡರೆ ಈ ತೊಂದರೆ ಇಲ್ಲ, ನಿಜ. ಆದರೆ ಪ್ಲೇಯರಿನ ಮೇಲೇ ಕೇಳಬೇಕು ಅನ್ನುವವರಿಗಾಗಿ ಈ ಜೋಡಣೆ: ಆರಿಸಿದ ಭಾಗ ಮುಗಿದ ಕೂಡಲೇ ಮುಳ್ಳನ್ನು ಹೊತ್ತ ತೋಳು, ಅಂದರೆ ಆರ್ಮ್, ತಾನೇ ಎದ್ದು, ಹಿಂದೆ ಸರಿದು, ಮೊದಲಿಳಿದ ಸುರುಳಿ ಗೆರೆಗೇ, ಅಂದರೆ ಅದೇ ಗ್ರೂವ್‌ಗೇ ಮತ್ತೆ ಇಳಿಯುತ್ತದೆ.

ಯೋಚನೆ ಹೊಸದಲ್ಲ. ಇಂಟರ್‌ನ್ಯಾಷನಲ್ ಕರೆಸ್ಪಾಂಡೆನ್ಸ್ ಸ್ಕೂಲ್ಸ್ ಎಂಬ ಅಮೆರಿಕದ ಅಂಚೆ ಶಿಕ್ಷಣ ಸಂಸ್ಥೆ 1900ರ ದಶಕದಲ್ಲೇ ಎಡಿಸನ್ ಸಿಲಿಂಡರ್‌ಗಳ ಮೇಲೆ ಭಾಷಾಪಾಠ ಕೊಡುತ್ತಿತ್ತು. ಅದರ ಯಂತ್ರಗಳಿಗೆ ಕೇಳಿದ ಮಾತನ್ನೇ ಮತ್ತೆ ಕೇಳಿಸುವ ಲಿವರೂ ಇತ್ತು. ಸಿಲಿಂಡರಿನಲ್ಲಿ ಅದು ಸುಲಭ, ಏಕೆಂದರೆ ಅಲ್ಲಿ ಮುಳ್ಳನ್ನು ಮುಂದೆ ಒಯ್ಯುವುದು ಫೀಡ್ ಸ್ಕ್ರೂ, ಅಂದರೆ ಎಳೆಯಿರುವ ಸರಳು. ಎತ್ತಿ ಇಷ್ಟು ಎಳೆ ಹಿಂದಿಟ್ಟರೆ ಅಷ್ಟೇ ಹಿಂದೆ ಬಂತು. ಪ್ಲೇಟಿನಲ್ಲಿ ಆರ್ಮನ್ನು ಒಯ್ಯುವುದು ಗ್ರೂವ್ ಮಾತ್ರ. ಎತ್ತಿದೊಡನೆ ಆರ್ಮಿಗೆ ತಾನೆಲ್ಲಿದ್ದೆ ಅನ್ನುವುದೇ ಗೊತ್ತಿರುವುದಿಲ್ಲ. 1970ರ ದಶಕದ ಟೆಕ್ನಿಕ್ಸ್ ಎಸ್‌ಎಲ್-1300ರ ಮೆಮೊ-ರಿಪೀಟ್ ಕೂಡ ಇಡೀ ಬದಿಯನ್ನು ಮತ್ತೆ ನುಡಿಸುತ್ತಿತ್ತೇ ಹೊರತು ನಡುವಿನ ಸಾಲನ್ನಲ್ಲ. ನೇರ ಸಾಗುವ ಆರ್ಮಿನ ಎಸ್‌ಎಲ್-15 ಹಾಡುಗಳ ನಡುವಿನ ನುಣುಪು ಪಟ್ಟಿಯನ್ನು ಬೆಳಕಿನಿಂದ ಗುರುತಿಸಿ ಹಾಡು ಆರಿಸುತ್ತಿತ್ತು. ಹಾಡಿನೊಳಗಿನ ಸಾಲಿಗೆ ಅಂಥ ಪಟ್ಟಿ ಇರುವುದಿಲ್ಲ.

ಮೊದಲು ಲೆಕ್ಕ

33⅓ ವೇಗದಲ್ಲಿ ಒಂದು ಸುತ್ತು 1.8 ಸೆಕೆಂಡು. 20 ನಿಮಿಷದ ಬದಿಯೆಂದರೆ 667 ಸುತ್ತು. ಹೊರಗಿನ ಗ್ರೂವ್ ಮಧ್ಯದಿಂದ 146 ಮಿ.ಮೀ., ಒಳಗಿನದು ಕಡಿಮೆಯೆಂದರೆ 60 ಮಿ.ಮೀ. ಈ 86 ಮಿ.ಮೀ.ಯೊಳಗೆ 667 ಸುತ್ತು ಅಂದರೆ ಗ್ರೂವ್‌ನಿಂದ ಗ್ರೂವ್‌ಗೆ ಸುಮಾರು 0.13 ಮಿ.ಮೀ. ಅರ್ಧ ನಿಮಿಷದ ಸಾಲು ಪ್ಲೇಟಿನ ಮೇಲೆ 2 ಮಿ.ಮೀ. ಸ್ವಲ್ಪ ಮೇಲೆ, ಅಷ್ಟೇ. ಒಂದು ಗ್ರೂವ್ ತಪ್ಪಿದರೆ 1.8 ಸೆಕೆಂಡು ತಪ್ಪುತ್ತದೆ.

ಎಲ್ಲರಿಗೂ ಮೊದಲು ಹೊಳೆಯುವುದು ಆರ್ಮಿನ ತಿರುಗುಗೂಟಕ್ಕೆ ಸೆನ್ಸರ್ ಹಾಕಿ, ಮೋಟರಿನಿಂದ ಆರ್ಮನ್ನು ತಳ್ಳುವ ದಾರಿ. ಅದು ಇಲ್ಲಿ ನಿಲ್ಲುವುದಿಲ್ಲ. ಅಗ್ಗದ ಎಎಸ್5600 ಮ್ಯಾಗ್ನೆಟಿಕ್ ಎನ್‌ಕೋಡರ್ (ತಿರುಗಿದ ಕೋನ ಅಳೆಯುವ ಸೆನ್ಸರ್) 12 ಬಿಟ್‌ನದು, ಅಂದರೆ ಒಂದು ಹೆಜ್ಜೆ 0.088 ಡಿಗ್ರಿ. 9 ಇಂಚಿನ, ಅಂದರೆ 229 ಮಿ.ಮೀ. ಆರ್ಮಿನ ತುದಿಯಲ್ಲಿ ಅದು 0.35 ಮಿ.ಮೀ., ಎರಡೂವರೆ ಗ್ರೂವ್. ಹಳೆಯ ಡಿವಿಡಿ ಡ್ರೈವಿನಿಂದ ಕಿತ್ತ ಸ್ಲೆಡ್ ಮೋಟರಿಗೆ ಸುತ್ತಿಗೆ 20 ಹೆಜ್ಜೆ, ಸ್ಕ್ರೂ ಒಂದು ಸುತ್ತಿಗೆ 3 ಮಿ.ಮೀ. ಒಯ್ಯುತ್ತದೆ, ಹೆಜ್ಜೆಗೆ 0.15 ಮಿ.ಮೀ. ಅದನ್ನು ತಿರುಗುಗೂಟದ ಹತ್ತಿರ ಹೂಡಿದರೆ ಮುಳ್ಳಿನ ಬಳಿ ನಾಲ್ಕು ಪಟ್ಟಾಗುತ್ತದೆ. 28ಬಿವೈಜೆ-48 ಸ್ಟೆಪರ್ ಮೋಟರಿನ ಹೆಜ್ಜೆ ಸಣ್ಣದು, ಆದರೆ ಗೇರ್‌ಗಳ ಸಡಿಲ ಒಂದೆರಡು ಡಿಗ್ರಿ.

ಬಿಡಿಸಿ ನೋಡಿದರೆ ಆರ್ಮನ್ನು ತಳ್ಳುವ ಅಗತ್ಯವೇ ಇಲ್ಲ. ಆಂಟಿ-ಸ್ಕೇಟಿಂಗ್ (ಆರ್ಮನ್ನು ಮೆಲ್ಲಗೆ ಹೊರಕ್ಕೆ ಎಳೆಯುವ ಏರ್ಪಾಡು) ಇರುವ ಪ್ಲೇಯರಿನಲ್ಲಿ ಕ್ಯೂ ಲಿವರ್ (ಆರ್ಮ್ ಎತ್ತಿ ಇಳಿಸುವ ಹಿಡಿ) ಎತ್ತಿ ಬಿಟ್ಟರೆ ಆರ್ಮ್ ಮೆಲ್ಲಗೆ ಹೊರಕ್ಕೆ ಜಾರುವುದನ್ನು ಬಹಳ ಜನ ಕಂಡು ಬೈದುಕೊಂಡಿರುತ್ತಾರೆ. ಆ ದೋಷವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಆರ್ಮಿನ ಹೊರಬದಿಗೆ ಒಂದು ಗಟ್ಟಿ ತಡೆ ಇಡುವುದು. ನುಡಿಯುವಾಗ ಆರ್ಮ್ ಒಳಕ್ಕೆ ಸಾಗುತ್ತದೆ, ತಡೆಯಿಂದ ದೂರವಾಗುತ್ತದೆ, ಏನೂ ಮುಟ್ಟುವುದಿಲ್ಲ. ಎತ್ತಿದಾಗ ಹೊರಕ್ಕೆ ಜಾರಿ ತಡೆಗೆ ಒರಗುತ್ತದೆ. ಅಲ್ಲೇ ಇಳಿಸಿದರೆ ಸಾಲಿನ ಆರಂಭ. ಎಲ್ಲಿ ಮುಗಿಸಬೇಕು ಅನ್ನುವುದಕ್ಕೆ ಆರ್ಮಿನ ಸ್ಥಾನ ಬೇಡವೇ ಬೇಡ, ಪ್ಲ್ಯಾಟರಿನ (ಪ್ಲೇಟು ಕೂರುವ ತಿರುಗುತಟ್ಟೆಯ) ಸುತ್ತು ಎಣಿಸಿದರೆ ಆಯಿತು.

ಸಾಮಾನು

ಆರ್ಡುಯಿನೋ ನ್ಯಾನೋ (ಪ್ರೋಗ್ರಾಮ್ ಹಾಕುವ ಪುಟ್ಟ ಬೋರ್ಡು) 1, ಎಸ್‌ಜಿ90 ಸರ್ವೋ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್ 1 (ಲೋಹದ ಗೇರಿನ ಎಂಜಿ90ಎಸ್ ಸಿಕ್ಕರೆ ಮೇಲು), ಟಿಸಿಆರ್‌ಟಿ5000 ಪ್ರತಿಫಲನ ಸೆನ್ಸರ್ 1, ಎರಡು ಜೊತೆ ಕಾಂಟ್ಯಾಕ್ಟಿನ 5 ವೋಲ್ಟ್ ಸಿಗ್ನಲ್ ರಿಲೇ 1, ಮೊಬೈಲಿನಲ್ಲಿರುವಂಥ 10 ಮಿ.ಮೀ. ಬಿಲ್ಲೆ ಕಂಪನ ಮೋಟರ್ 1, 2ಎನ್2222 ಟ್ರಾನ್ಸಿಸ್ಟರ್ 2, 1ಎನ್4148 ಡಯೋಡ್ 2, 10 ಕಿಲೋಓಮ್ ಪೊಟೆನ್ಷಿಯೋಮೀಟರ್ 2, ಒತ್ತುಗುಂಡಿ 2, 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ 1. ರೆಸಿಸ್ಟರ್‌ಗಳು: 220 ಓಮ್ 1, 27 ಓಮ್ 1, 1 ಕಿಲೋಓಮ್ 4, 10 ಕಿಲೋಓಮ್ 1. ಸರ್ವೋಗೆ ಬೇರೆಯದೇ 5 ವೋಲ್ಟ್, 1 ಆಂಪಿಯರ್ ಅಡಾಪ್ಟರ್. ಬೆಂಗಳೂರಿನವರಿಗೆ ಇದಿಷ್ಟೂ ಎಸ್.ಪಿ. ರೋಡಿನ ಒಂದೇ ಸುತ್ತಿನಲ್ಲಿ ಸಿಗುತ್ತದೆ.

ಲೋಹದ ಕೆಲಸಕ್ಕೆ ಸೈಕಲ್ಲಿನ ಒಂದು ಕಡ್ಡಿ (2 ಮಿ.ಮೀ. ಸ್ಟೇನ್‌ಲೆಸ್), 3ಡಿ ಪ್ರಿಂಟರಿಗೆ ಹಾಕುವ ಬಿಳಿ ಪಿಟಿಎಫ್‌ಇ (ಟೆಫ್ಲಾನ್) ಕೊಳವೆ (ಒಳಗೆ 2, ಹೊರಗೆ 4 ಮಿ.ಮೀ.) 40 ಮಿ.ಮೀ., 3 ಮಿ.ಮೀ. ಹಿತ್ತಾಳೆ ಸರಳು 60 ಮಿ.ಮೀ., ಅದು ಸಡಿಲವಿಲ್ಲದೆ ಜಾರುವ ಹಿತ್ತಾಳೆ ಕೊಳವೆ 30 ಮಿ.ಮೀ., ಎಂ4 ಎಳೆಯ ಸರಳು 80 ಮಿ.ಮೀ., ಎಂ4 ನಟ್ಟು 2, ಬಾಲ್‌ಪೆನ್ನಿನ ಸ್ಪ್ರಿಂಗು 1, 3 ಮಿ.ಮೀ. ಅಕ್ರಿಲಿಕ್ ತುಂಡು, 3 ಮಿ.ಮೀ. ದಪ್ಪದ ಅಲ್ಯುಮಿನಿಯಂ ಎಲ್ ಪಟ್ಟಿ.

ಈ ಬರಹದ ಅಳತೆಗಳೆಲ್ಲ 229 ಮಿ.ಮೀ. ಆರ್ಮ್, 2 ಗ್ರಾಂ ಮುಳ್ಳಿನ ಭಾರ, ಬೆಲ್ಟ್ ಡ್ರೈವ್, ಗಟ್ಟಿ ಪ್ಲಿಂತ್ (ಪೆಟ್ಟಿಗೆಯಂಥ ತಳ) ಇರುವ ಪ್ಲೇಯರಿಗೆ. ಸ್ಪ್ರಿಂಗಿನ ಮೇಲೆ ತೂಗುವ ಒಳ ಚಾಸಿಸ್ ಇರುವ ಮಾದರಿಯಾದರೆ ತಡೆ, ಆರ್ಮನ್ನು ಎತ್ತುವ ಕಮಾನು ಎರಡನ್ನೂ ಆರ್ಮ್ ಕೂತಿರುವ ಹಲಗೆಗೇ ಬಿಗಿಯಬೇಕು. ಪ್ಲಿಂತ್‌ಗೆ ಬಿಗಿದರೆ ಮೇಜು ಅಲುಗಿದಷ್ಟು ಸಲ ಇಳಿಯುವ ಜಾಗ ಬದಲಾಗುತ್ತದೆ.

ಎತ್ತುವ ಕಮಾನು

ಪ್ಲೇಯರಿನ ಕ್ಯೂ ಲಿವರನ್ನೇ ಸರ್ವೋದಿಂದ ಎಳೆಯುವುದು ಸುಲಭವಾಗಿ ಕಾಣುತ್ತದೆ. ಬೇಡ. ಅದರ ಮೇಲೆ ರಬ್ಬರೋ ಫೆಲ್ಟೋ ಇರುತ್ತದೆ, ಆರ್ಮ್ ಜಾರದಿರಲಿ ಅಂತಲೇ. ಜೊತೆಗೆ ಒಳಗಿನ ಸಿಲಿಕೋನ್ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಸೆಕೆಗೆ ತೆಳುವಾಗುತ್ತದೆ. ಬೆಳಿಗ್ಗೆ ಮೂರು ಸೆಕೆಂಡಿಗೆ ಇಳಿದದ್ದು ಮಧ್ಯಾಹ್ನ ಎರಡಕ್ಕೇ ಇಳಿಯಬಹುದು.

ಸೈಕಲ್ ಕಡ್ಡಿಯನ್ನು ತಿರುಗುಗೂಟ ಕೇಂದ್ರವಾಗಿ 50 ಮಿ.ಮೀ. ತ್ರಿಜ್ಯದ ಕಮಾನಾಗಿ ಬಗ್ಗಿಸಿ. ಇಡೀ ಪ್ಲೇಟಿಗೆ ಸುಮಾರು 20 ಮಿ.ಮೀ. ಉದ್ದ ಸಾಕು, ಎರಡು ಬದಿಗೂ 5 ಮಿ.ಮೀ. ಹೆಚ್ಚಿರಲಿ. ಅದರ ಮೇಲೆ ಪಿಟಿಎಫ್‌ಇ ಕೊಳವೆ ಏರಿಸಿ. ಕಮಾನನ್ನು ಹಿತ್ತಾಳೆ ಸರಳಿನ ತಲೆಗೆ ಬೆಸೆದು, ಸರಳನ್ನು ಹಿತ್ತಾಳೆ ಕೊಳವೆಯೊಳಗೆ ನಿಲ್ಲಿಸಿ. ಸರಳು ತಿರುಗದಂತೆ ಪಕ್ಕದಲ್ಲೊಂದು ತೆಳು ಗೂಟ, ಅದಕ್ಕೊಂದು ಸೀಳು.

ಈಗ ತೂಕದ ಲೆಕ್ಕ, ಏಕೆಂದರೆ ಎಲ್ಲವೂ ನಿಂತಿರುವುದು ಇದರ ಮೇಲೆ. ಮುಳ್ಳಿನ ಬಳಿಯ 2 ಗ್ರಾಂ ಕಮಾನಿನ ಬಳಿ 9.2 ಗ್ರಾಂ ಆಗಿ ಕೂರುತ್ತದೆ. ಆಂಟಿ-ಸ್ಕೇಟಿಂಗ್ ಸಾಮಾನ್ಯವಾಗಿ ಮುಳ್ಳಿನ ಭಾರದ ಹತ್ತನೇ ಒಂದು ಪಾಲು, 0.2 ಗ್ರಾಂ, ಕಮಾನಿನ ಬಳಿ ಅದು 0.9 ಗ್ರಾಂ ತಳ್ಳು. ರಬ್ಬರಿನ ಮೇಲೆ ತಿಕ್ಕಾಟ 7 ಗ್ರಾಮಿನಷ್ಟಿರುವುದರಿಂದ ಆರ್ಮ್ ಕದಲುವುದಿಲ್ಲ. ಪಿಟಿಎಫ್‌ಇ ಮೇಲೆ ಅದು ಸುಮಾರು 0.9 ಗ್ರಾಮಿಗೆ ಇಳಿಯುತ್ತದೆ. ಆದರೆ ತಳ್ಳುವುದೂ ತಡೆಯುವುದೂ ಸಮ ಆಯಿತಲ್ಲ, ಒಮ್ಮೆ ಜಾರುತ್ತದೆ, ಒಮ್ಮೆ ನಿಲ್ಲುತ್ತದೆ. ಅದಕ್ಕೇ ಕಮಾನಿಗೆ ಹೊರಬದಿ ತಗ್ಗುವಂತೆ 3 ಡಿಗ್ರಿ ಇಳಿಜಾರು ಕೊಡಬೇಕು. ಅದರಿಂದ ಇನ್ನೂ ಅರ್ಧ ಗ್ರಾಂ ತಳ್ಳು ಸಿಗುತ್ತದೆ. ಹೆಚ್ಚು ಇಳಿಜಾರು ಕೊಟ್ಟರೆ ಹೆಚ್ಚು ಒಳ್ಳೆಯದಲ್ಲವೇ ಅಂದರೆ, ಅಲ್ಲ. 3 ಡಿಗ್ರಿಗೇ ಪ್ಲೇಟಿನ ಒಳ ತುದಿ, ಹೊರ ತುದಿಗಳ ನಡುವೆ ಮುಳ್ಳು ಏಳುವ ಎತ್ತರದಲ್ಲಿ ಸುಮಾರು 5 ಮಿ.ಮೀ. ವ್ಯತ್ಯಾಸ ಬರುತ್ತದೆ. ಆಂಟಿ-ಸ್ಕೇಟಿಂಗ್ ಇಲ್ಲದ ಪ್ಲೇಯರಿನಲ್ಲಿ ಇಳಿಜಾರಿನಿಂದಲೇ ಜಾರಿಸಲು 8 ಡಿಗ್ರಿಯಾದರೂ ಬೇಕು, ಎತ್ತರದ ವ್ಯತ್ಯಾಸ ಆಗ 13 ಮಿ.ಮೀ. ಅಂಥದ್ದಕ್ಕೆ ಈ ಜೋಡಣೆ ಹೊಂದುವುದಿಲ್ಲ.

ಇಷ್ಟಾದರೂ ಕೂತಲ್ಲೇ ಅಂಟಿಕೊಳ್ಳುವ ಚಾಳಿ ಪೂರ್ತಿ ಹೋಗುವುದಿಲ್ಲ. ಕಂಪನ ಮೋಟರು ಅದಕ್ಕೇ. ಕಮಾನಿನ ಗೂಟಕ್ಕೆ ಅದನ್ನು ಅಂಟಿಸಿ, ಮುಳ್ಳು ಮೇಲೆದ್ದಾಗ ಮಾತ್ರ 0.15 ಸೆಕೆಂಡು ಓಡಿಸಬೇಕು. ಬಸ್ಸಿನಲ್ಲಿ ಮೂಟೆ ತಾನಾಗಿ ಕೂತುಕೊಳ್ಳುವ ಹಾಗೆ ಆರ್ಮ್ ತಡೆಗೆ ಹೋಗಿ ಕೂರುತ್ತದೆ. 3 ವೋಲ್ಟಿನ ಮೋಟರಾದ್ದರಿಂದ ಅದರ ತಂತಿಯ ಹಾದಿಯಲ್ಲಿ (ಸೀರೀಸ್) 27 ಓಮ್ ಹಾಕಿ.

ಸರ್ವೋ ಕೊಂಬಿನಿಂದಲೇ ಸರಳನ್ನು ಎತ್ತಬೇಡಿ. 12 ಮಿ.ಮೀ. ಕೊಂಬಿಗೆ ಒಂದು ಡಿಗ್ರಿ ಅಂದರೆ ಸರಳು 0.2 ಮಿ.ಮೀ., ಮುಳ್ಳಿನ ಬಳಿ ಹೆಚ್ಚುಕಡಿಮೆ 1 ಮಿ.ಮೀ.; ಇಳಿಯುವಾಗ ಮೆಟ್ಟಿಲು ಮೆಟ್ಟಿಲಾಗಿ ಕುಕ್ಕುತ್ತದೆ. ಅಕ್ರಿಲಿಕ್‌ನಲ್ಲಿ ಸುರುಳಿ ಕ್ಯಾಮ್ (ತಿರುಗಿದಂತೆ ಸರಳನ್ನು ಮೇಲೆತ್ತುವ ಬಿಲ್ಲೆ) ಕತ್ತರಿಸಿ: 120 ಡಿಗ್ರಿಯಲ್ಲಿ ತ್ರಿಜ್ಯ 8ರಿಂದ 12 ಮಿ.ಮೀ.ಗೆ ಏರಬೇಕು. ಆಗ ಒಂದು ಡಿಗ್ರಿಗೆ ಮುಳ್ಳು ಚಲಿಸುವುದು 0.15 ಮಿ.ಮೀ. ಮಾತ್ರ. ಕ್ಯಾಮಿನ ಅಂಚನ್ನು 600, ಆಮೇಲೆ 1200 ನಂಬರಿನ ನೀರುಕಾಗದದಲ್ಲಿ ಉಜ್ಜಿ. ಕಮಾನು ಪೂರ್ತಿ ಕೆಳಗಿದ್ದಾಗ ಅದರ ಎತ್ತರದ ತುದಿಗೂ ಆರ್ಮಿಗೂ ನಡುವೆ 1 ಮಿ.ಮೀ. ಸಂದು ಉಳಿಯಲೇಬೇಕು. ಇಲ್ಲದಿದ್ದರೆ ಒಳಗಿನ ಹಾಡುಗಳಲ್ಲಿ ಆರ್ಮ್ ಕಮಾನನ್ನು ಸವರುತ್ತ ಹೋಗಿ ಧ್ವನಿ ಒಡೆಯುತ್ತದೆ.

ತಡೆ ಸ್ಕ್ರೂ

ಎಲ್ ಪಟ್ಟಿಯಲ್ಲಿ ಎಂ4 ನಟ್ಟು ಎರಡನ್ನು 15 ಮಿ.ಮೀ. ಅಂತರದಲ್ಲಿ ಕೂರಿಸಿ, ನಡುವೆ ಬಾಲ್‌ಪೆನ್ ಸ್ಪ್ರಿಂಗು ಒತ್ತಿ ಹಾಕಿ. ಒಂದು ನಟ್ಟು ಅಂಟಿ ನಿಲ್ಲಲಿ, ಇನ್ನೊಂದು ತಿರುಗದೆ ಹಿಂದೆಮುಂದೆ ಮಾತ್ರ ಜಾರಲಿ. ಎಳೆಯ ಸಡಿಲ ಹೀಗೆ ಹೋಗುತ್ತದೆ. ಸ್ಕ್ರೂ ತುದಿಗೆ 4 ಮಿ.ಮೀ. ಗಾಜಿನ ಮಣಿಯನ್ನು ನಟ್ಟನಡುವೆ ಅಂಟಿಸಿ. ನಡು ತಪ್ಪಿದರೆ ತಿರುಗಿಸಿದಾಗೆಲ್ಲ ತುದಿ ಓಲಾಡಿ ಅಳತೆ ಕೆಡುತ್ತದೆ. ಫೆಲ್ಟು, ರಬ್ಬರು ಬೇಡ, ಒತ್ತಿದಂತೆ ಕುಗ್ಗುತ್ತವೆ. ಗಾಜಿಗೆ ಆರ್ಮ್ ತಾಕುವ ಟಕ್ ಶಬ್ದ ಹೇಗೂ ಮ್ಯೂಟಿನಲ್ಲಿ ಮುಚ್ಚಿಹೋಗುತ್ತದೆ.

ಮಣಿ ಆರ್ಮನ್ನು ಮುಟ್ಟುವ ಜಾಗ ತಿರುಗುಗೂಟದಿಂದ 60 ಮಿ.ಮೀ. ಇರಲಿ. ಎಂ4 ಎಳೆ ಒಂದು ಸುತ್ತಿಗೆ 0.7 ಮಿ.ಮೀ. ಸಾಗುತ್ತದೆ. ಸ್ಕ್ರೂ ತಿರುಗಿಸುವ ಗುಬುಟಿನ ಕೆಳಗೆ 40 ಮಿ.ಮೀ. ಬಿಲ್ಲೆ ಹಾಕಿ ಅದರ ಸುತ್ತ 20 ಗುರುತು ಬರೆದರೆ ಒಂದು ಗುರುತಿಗೆ 0.035 ಮಿ.ಮೀ., ಮುಳ್ಳಿನ ಬಳಿ 0.134 ಮಿ.ಮೀ. ಹೆಡ್‌ಶೆಲ್ (ಆರ್ಮಿನ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಭಾಗ) 23 ಡಿಗ್ರಿಯಷ್ಟು ಓರೆಯಾಗಿರುವುದರಿಂದ ಆ ಚಲನೆಯ ಶೇ. 92ರಷ್ಟೇ ಪ್ಲೇಟಿನ ಮಧ್ಯದ ದಿಕ್ಕಿಗೆ ಸಿಗುತ್ತದೆ: 0.123 ಮಿ.ಮೀ. ಅಂದರೆ ಬಿಲ್ಲೆಯ ಒಂದು ಗುರುತು ಹೆಚ್ಚುಕಡಿಮೆ ಒಂದು ಗ್ರೂವ್, 1.8 ಸೆಕೆಂಡು. ಒಂದು ಪೂರ್ತಿ ಸುತ್ತು 35 ಸೆಕೆಂಡಿನಷ್ಟು. ಮಾರುಕಟ್ಟೆಯ ಸಾದಾ ಸ್ಕ್ರೂ ಇಷ್ಟು ಚೆನ್ನಾಗಿ ಹೊಂದುವುದು ಅದೃಷ್ಟವೇ.

ಒಂದು ಎಚ್ಚರ. ಎಲ್‌ಪಿ ಕೆತ್ತುವಾಗ ಗಟ್ಟಿ ಧ್ವನಿಯ ಕಡೆ ಗ್ರೂವ್‌ಗಳನ್ನು ದೂರ, ಮೆಲು ಧ್ವನಿಯ ಕಡೆ ಹತ್ತಿರ ಇಡುವುದು ವಾಡಿಕೆ. ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಒಂದು ಗುರುತಿಗೆ ಒಂದು ಗ್ರೂವ್ ದಾಟದಿರಬಹುದು, ತಂಬೂರಿಯೊಂದೇ ನುಡಿಯುವಲ್ಲಿ ಎರಡು ದಾಟಬಹುದು.

ಆರ್ಮನ್ನು ಅದರ ಗೂಡಿಗೆ ಮರಳಿಸಲು ತಡೆ ಅಡ್ಡ ಬರುತ್ತದೆ. ಹೀಗಾಗಿ ಎಲ್ ಪಟ್ಟಿಗೆ ಬಿಜಾಗರಿ ಹಾಕಿ ಮೇಲೆತ್ತುವಂತೆ ಮಾಡಿ, ಕೆಳಗಿಳಿದಾಗ ಒಂದು ಗೂಟ ರಂಧ್ರಕ್ಕೆ ಬಿಗಿಯಾಗಿ ಕೂರಲಿ. ಅಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದರೂ ಎರಡು ಮೂರು ಗ್ರೂವ್ ಹೋಯಿತು.

ಸುತ್ತಿನ ಗುರುತು

ಪ್ಲ್ಯಾಟರಿನ ತಳಕ್ಕೆ ಕಪ್ಪು ಬಣ್ಣ ಬಳಿದು 8 ಮಿ.ಮೀ. ಅಗಲದ ಒಂದು ಬಿಳಿ ಪಟ್ಟಿ ಅಂಟಿಸಿ. ಟಿಸಿಆರ್‌ಟಿ5000 ಅದಕ್ಕೆ 2.5 ಮಿ.ಮೀ. ದೂರದಲ್ಲಿರಲಿ, ಅಲ್ಲೇ ಅದರ ಗ್ರಹಿಕೆ ಅತಿ ಚುರುಕು. ಎಲ್‌ಇಡಿಗೆ 220 ಓಮ್, ಕಲೆಕ್ಟರಿಗೆ 10 ಕಿಲೋಓಮ್. ಅಯಸ್ಕಾಂತ ಮತ್ತು ಹಾಲ್ ಸೆನ್ಸರ್ ಹಾಕಿದರೂ ಕೆಲಸ ನಡೆಯುತ್ತದೆ, ಆದರೆ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಮುಳ್ಳಿನ ನಡುಕವನ್ನು ಅಯಸ್ಕಾಂತದಿಂದ ಕರೆಂಟಾಗಿಸುವ ತುಂಡು) ಓಡಾಡುವ ಜಾಗದ ಕೆಳಗೆ ಅಯಸ್ಕಾಂತ ಸುತ್ತಿಸುವುದು ಯಾಕೆ?

ಈ ಗುರುತು ಸುತ್ತು ಎಣಿಸುವುದಕ್ಕಷ್ಟೇ ಅಲ್ಲ. ಮುಳ್ಳು ಯಾವಾಗಲೂ ಪ್ಲೇಟಿನ ಅದೇ ದಿಕ್ಕಿನಲ್ಲಿ ಇಳಿಯಬೇಕು, ಅದಕ್ಕಾಗಿ. ಗ್ರೂವ್ ಸುರುಳಿ, ಅರ್ಧ ಸುತ್ತು ತಡವಾಗಿ ಇಳಿದರೆ ಅದೇ ತ್ರಿಜ್ಯದಲ್ಲಿ ಗ್ರೂವ್ ಅರ್ಧ ಅಂತರ ಸರಿದಿರುತ್ತದೆ. ಇದಕ್ಕಿಂತ ದೊಡ್ಡದು ಪ್ಲೇಟಿನ ನಡುತೂತು ತಪ್ಪಿರುವುದು. ತೂತು 0.1 ಮಿ.ಮೀ. ಪಕ್ಕಕ್ಕಿದ್ದರೆ ಆರ್ಮ್ ಪ್ರತಿ ಸುತ್ತಿಗೂ 0.2 ಮಿ.ಮೀ. ಓಲಾಡುತ್ತದೆ, ಒಂದೂವರೆ ಗ್ರೂವ್. ತಡೆ ಎಷ್ಟೇ ನಿಖರವಾಗಿದ್ದರೂ ಗೊತ್ತುಗುರಿಯಿಲ್ಲದ ಗಳಿಗೆಯಲ್ಲಿ ಇಳಿಸಿದರೆ ಪ್ರತಿ ಸಲ ಬೇರೆ ಕಡೆಯಿಂದ ಶುರುವಾಗುತ್ತದೆ. ಗಳಿಗೆಯನ್ನು ಕಟ್ಟಿಹಾಕಿದರೆ ಈ ಎರಡೂ ತಪ್ಪು ಪ್ರತಿ ಸಲ ಒಂದೇ ಆಗುತ್ತವೆ, ಅಂದರೆ ತಪ್ಪೇ ಅಲ್ಲ.

ಆದ್ದರಿಂದ ಇಳಿಸುವುದು ಎರಡು ಹಂತದಲ್ಲಿ. ಮೊದಲು ಮುಳ್ಳು ಪ್ಲೇಟಿನಿಂದ 1 ಮಿ.ಮೀ. ಮೇಲಿರುವವರೆಗೆ ಇಳಿದು ಕಾಯುತ್ತದೆ. ಬಿಳಿ ಪಟ್ಟಿ ಹಾದು, ಒಂದು ಪೊಟೆನ್ಷಿಯೋಮೀಟರಿನಲ್ಲಿ ಹೊಂದಿಸಿದ 0ರಿಂದ 1.8 ಸೆಕೆಂಡಿನ ತಡವೂ ಮುಗಿದ ಮೇಲೆ, ಉಳಿದ 7 ಡಿಗ್ರಿಯನ್ನು ಡಿಗ್ರಿಗೆ 40 ಮಿಲಿಸೆಕೆಂಡಿನಂತೆ ಇಳಿಯುತ್ತದೆ, 0.3 ಸೆಕೆಂಡಿಗೆ ಮುಳ್ಳು ಗ್ರೂವ್‌ನಲ್ಲಿ. ಅಲ್ಲಿಂದ ಕಮಾನು ಕೆಳಮುಟ್ಟ ಹೋಗುತ್ತದೆ. ಕಾಯುವ ಎತ್ತರ ಇಳಿಜಾರಿನಿಂದಾಗಿ ಪ್ಲೇಟಿನ ಒಳಗೆ ಹೊರಗೆ ಬೇರೆಯಾಗುವುದರಿಂದ ಎರಡನೇ ಪೊಟೆನ್ಷಿಯೋಮೀಟರ್ ಅದಕ್ಕೆ. ಪ್ಲೇಟು ಸೊಟ್ಟಗಿದ್ದರೆ 2 ಮಿ.ಮೀ. ಇಡಿ.

ತಡವನ್ನು ಎಷ್ಟಿಡಬೇಕು? ಇದು ಮೊದಮೊದಲು ತಲೆ ತಿನ್ನುವ ಸಂಗತಿ. ಇಳಿದ ಕೂಡಲೇ ಆರ್ಮ್ ಇನ್ನೂ ತಡೆಗೆ ತಾಗಿಕೊಂಡೇ ಇರುತ್ತದೆ. ನಡುತೂತು ತಪ್ಪಿದ ಪ್ಲೇಟು ಆಗ ಮುಳ್ಳನ್ನು ಹೊರಕ್ಕೆ ಒಯ್ಯುವ ಪಾಳಿಯಲ್ಲಿದ್ದರೆ ಆರ್ಮ್ ತಡೆಗೆ ಒತ್ತಿಕೊಳ್ಳುತ್ತದೆ, ಮುಳ್ಳು ಗ್ರೂವ್ ಗೋಡೆ ಹಾರಿ ಒಳಗಿನ ಗ್ರೂವ್‌ಗೆ ಬೀಳುತ್ತದೆ. ಓಲಾಟದಲ್ಲಿ ಆರ್ಮ್ ಅತ್ಯಂತ ಹೊರಗಿರುವ ಗಳಿಗೆಯಲ್ಲೇ ಇಳಿಸಿದರೆ ಮುಂದಿನ ಅರ್ಧ ಸುತ್ತು ಅದು ಒಳಕ್ಕೇ ಹೋಗುತ್ತದೆ. ಹೊರಕ್ಕೆ ಮರಳುವ ಹೊತ್ತಿಗೆ ಸುರುಳಿಯೇ ಅದನ್ನು 0.13 ಮಿ.ಮೀ. ಒಳಗೆ ಒಯ್ದಿರುತ್ತದೆ. ತಡೆಯನ್ನು ಮತ್ತೆ ಮುಟ್ಟುವ ಮಾತೇ ಇಲ್ಲ. ಪ್ಲೇಟು ನುಡಿಯುವಾಗ ಹೆಡ್‌ಶೆಲ್ಲನ್ನು ಮೇಲಿನಿಂದ ನೋಡಿ, ಅತಿ ಹೊರಗೆ ಬಂದಾಗ ಲೇಬಲ್ಲಿನ ಯಾವ ಅಕ್ಷರ ಆರ್ಮಿನ ಕೆಳಗಿದೆ ಅಂತ ಗುರುತಿಟ್ಟುಕೊಂಡರೆ ಸಾಕು. ಮುಳ್ಳು ಆ ಅಕ್ಷರಕ್ಕೇ ಇಳಿಯುವಂತೆ ತಡವನ್ನು ತಿರುಗಿಸಿ. ಪ್ಲೇಟು ತೆಗೆದು ಮತ್ತೆ ಹಾಕಿದರೆ ಈ ಹೊಂದಿಕೆ ಹೋಗುತ್ತದೆ. ಲೇಬಲ್ ಮೇಲೊಂದು, ಮ್ಯಾಟ್ ಮೇಲೊಂದು ಚುಕ್ಕೆ ಇಟ್ಟು ಪ್ರತಿ ಸಲ ಎದುರುಬದುರು ಕೂರಿಸಿದರೆ ಉಳಿಯುತ್ತದೆ.

ಮ್ಯೂಟ್, ಪವರ್, ಗ್ರೌಂಡ್

ರಿಲೇಯನ್ನು ಫೋನೋ ಪ್ರೀಆಂಪಿನ (ಕಾರ್ಟ್ರಿಜ್ಜಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಘಟಕದ) ನಂತರ ಹಾಕಿ. ಎಡ, ಬಲ ಎರಡರ ಸಾಲಿನಲ್ಲೂ 1 ಕಿಲೋಓಮ್, ಆಮೇಲೆ ರಿಲೇ ಕಾಂಟ್ಯಾಕ್ಟ್ ಆ ತಂತಿಯನ್ನು ಸಿಗ್ನಲ್ ಗ್ರೌಂಡಿಗೆ ಸೇರಿಸಬೇಕು. ಕರೆಂಟ್ ಹರಿದಾಗ ಮ್ಯೂಟ್ ಆಗುವಂತೆ ಜೋಡಿಸಿ. ಜೋಡಣೆಯ ಪವರ್ ತೆಗೆದಾಗ ಪ್ಲೇಯರ್ ಎಂದಿನಂತೆ ನುಡಿಯುತ್ತದೆ. ಕಾರ್ಟ್ರಿಜ್ ಬಳಿಯೇ ಮ್ಯೂಟ್ ಮಾಡಲು ಹೋದರೆ ಕೆಲವೇ ಮಿಲಿವೋಲ್ಟಿನ ತಂತಿಯನ್ನು ಉದ್ದ ಮಾಡಿ ಹಮ್ (ಗುಂಯ್ ಎನ್ನುವ ಕರೆಂಟಿನ ಸದ್ದು) ಕರೆದುಕೊಂಡ ಹಾಗಾಗುತ್ತದೆ.

ಆರ್ಡುಯಿನೋದ ಗ್ರೌಂಡನ್ನು ಪ್ಲೇಯರಿನ ಗ್ರೌಂಡಿಗೆ ಸೇರಿಸಬೇಡಿ. ರಿಲೇ ಕಾಂಟ್ಯಾಕ್ಟ್ ಇವೆರಡನ್ನು ಬೇರೆ ಇಟ್ಟಿದೆ, ಹಾಗೇ ಇರಲಿ. ಸರ್ವೋ ತಂತಿಯ ಬುಡದಲ್ಲೇ 470 ಮೈಕ್ರೋಫ್ಯಾರಡ್. ರಿಲೇಗೂ ಕಂಪನ ಮೋಟರಿಗೂ ಒಂದೊಂದು ಟ್ರಾನ್ಸಿಸ್ಟರ್, ಬೇಸಿಗೆ 1 ಕಿಲೋಓಮ್, ಸುರುಳಿಗೆ ಅಡ್ಡಲಾಗಿ ಡಯೋಡ್.

ಸರ್ವೋ ತನ್ನ ಜಾಗ ಸೇರಿದ ಮೇಲೂ ಗುಂಯ್‌ಗುಡುತ್ತಲೇ ಇರುತ್ತದೆ. ಆ ನಡುಕ ಪ್ಲಿಂತ್ ಹಿಡಿದು ಮುಳ್ಳಿಗೆ ಬರುತ್ತದೆ. ಪ್ರತಿ ಚಲನೆ ಮುಗಿದ ಮೇಲೆ ಪಲ್ಸ್ ನಿಲ್ಲಿಸಿ ಸರ್ವೋವನ್ನು ಬಿಟ್ಟುಬಿಡಿ. ಗೇರಿನ ಬಿಗಿಯೇ ಕ್ಯಾಮನ್ನು ಹಿಡಿದಿಡುತ್ತದೆ, ಕರೆಂಟ್ ಹೋದರೂ ಆರ್ಮ್ ಧೊಪ್ಪನೆ ಬೀಳುವುದಿಲ್ಲ. ಆದರೆ ಪವರ್ ಬಂದ ಕ್ಷಣದಲ್ಲಿ ಸರ್ವೋ ಒಮ್ಮೆ ಜಿಗಿಯುತ್ತದೆ. ಆರ್ಮ್ ಗೂಡಿನಲ್ಲಿದ್ದಾಗಲೇ ಸ್ವಿಚ್ ಹಾಕುವ ಅಭ್ಯಾಸ ಬೇಕು.

ನಡೆಯುವ ಕ್ರಮ

ಮುಗಿಯುವ ಗಳಿಗೆ ಬಂತು: ಮ್ಯೂಟ್. 30 ಮಿಲಿಸೆಕೆಂಡು ಬಿಟ್ಟು ಎತ್ತುವುದು, ಮುಕ್ಕಾಲು ಸೆಕೆಂಡು. ಕಂಪನ 0.15 ಸೆಕೆಂಡು. ಜಾರಿ ಒರಗಿ ನೆಲೆಗೊಳ್ಳಲು 1.2 ಸೆಕೆಂಡು. ಕಾಯುವ ಎತ್ತರಕ್ಕೆ 0.6 ಸೆಕೆಂಡು. ಬಿಳಿ ಪಟ್ಟಿ, ತಡ, ಇಳಿತ. ಇಳಿದ ಮೇಲೂ ಒಂದು ಪೂರ್ತಿ ಸುತ್ತು ಮ್ಯೂಟಿನಲ್ಲೇ ಸಾಗಿ ಆಮೇಲೆ ಧ್ವನಿ. ಒಟ್ಟು ಬಿಡುವು 4.8ರಿಂದ 8.4 ಸೆಕೆಂಡು. ಹಾಡು ಕಲಿಯುವವರಿಗೆ ಇದು ನಷ್ಟವಲ್ಲ: ಕೇಳಿದ ಸಂಗತಿಯನ್ನು ತಿರುಗಿ ಹಾಡಿಕೊಳ್ಳುವಷ್ಟು ಹೊತ್ತು ಅದು.

ಮ್ಯೂಟಿನಲ್ಲಿ ಸಾಗುವ ಆ ಒಂದು ಸುತ್ತು ಪ್ಲೇಟಿನ ಹಿತಕ್ಕೂ ಬೇಕು. ಎಷ್ಟೇ ಮೆತ್ತಗೆ ಇಳಿಸಿದರೂ ಅದೇ ಜಾಗಕ್ಕೆ ನೂರು ಸಲ ಮುಳ್ಳು ಇಳಿದರೆ ಅಲ್ಲೊಂದು ಟಿಕ್ ಹುಟ್ಟುತ್ತದೆ. ಅದು ಬೇಕಾದ ಸಾಲಿನ ಹೊರಗೇ ಉಳಿಯಲಿ. ಹತ್ತಿರದಲ್ಲಿ ಹಾಡುಗಳ ನಡುವಿನ ನುಣುಪು ಪಟ್ಟಿ ಇದ್ದರೆ ಅಲ್ಲೇ ಇಳಿಸಿ, ಮ್ಯೂಟ್ ಸುತ್ತುಗಳನ್ನು ಹೆಚ್ಚಿಸಿ.

ಆರಂಭ ಹೊಂದಿಸುವುದು ಹೀಗೆ. ಆರ್ಮನ್ನು ಪ್ಲೇಟಿನ ಮೇಲೆ ತಂದು, ತಡೆಯನ್ನು ಕೆಳಗಿಳಿಸಿ, ಮೊದಲ ಗುಂಡಿ ಒತ್ತಿ. ಅದು ಎದ್ದು, ತಡೆಗೆ ಒರಗಿ, ಇಳಿದು ನುಡಿಯುತ್ತದೆ. ಬೇಕಾದ ಸಾಲು ಬರಲು ಎಷ್ಟು ಸೆಕೆಂಡು ಹಿಡಿಯಿತು ನೋಡಿ, 1.8ರಿಂದ ಭಾಗಿಸಿ. 9 ಸೆಕೆಂಡು ಮೊದಲೇ ಇಳಿದಿದ್ದರೆ 5 ಗುರುತು ಒಳಕ್ಕೆ. ಗುಬುಟನ್ನು ಆರ್ಮ್ ಎದ್ದಿರುವಾಗ ಮಾತ್ರ ತಿರುಗಿಸಬೇಕು, ಕೊನೆಯ ತಿರುವು ಯಾವಾಗಲೂ ಒಳದಿಕ್ಕಿಗೇ ಇರಬೇಕು. ಹೊರಕ್ಕೆ ಹೋಗಬೇಕಾದರೆ ನಾಲ್ಕು ಗುರುತು ಹೆಚ್ಚು ಹೋಗಿ ಮರಳಿ ಬನ್ನಿ. ಮೂರನೇ ಪ್ರಯತ್ನಕ್ಕೆ ಸಾಮಾನ್ಯವಾಗಿ ಕೂರುತ್ತದೆ. ಸಾಲು ಮುಗಿದಾಗ ಎರಡನೇ ಗುಂಡಿ. ಆರ್ಡುಯಿನೋ ಇಳಿದ ಮೇಲಿನ ಪೂರ್ತಿ ಸುತ್ತುಗಳನ್ನೂ, ಕೊನೆಯ ಪಟ್ಟಿಯ ನಂತರದ ಮಿಲಿಸೆಕೆಂಡನ್ನೂ ನೆನಪಿಟ್ಟುಕೊಳ್ಳುತ್ತದೆ. ಸಮಯವನ್ನಷ್ಟೇ ಇಟ್ಟುಕೊಂಡರೆ ಬೆಲ್ಟ್ ಬಿಸಿಯಾಗಿ ವೇಗ ಸ್ವಲ್ಪ ಬದಲಾದಾಗ ಕೊನೆಯ ಸ್ವರ ಕತ್ತರಿಸಿಹೋಗುತ್ತದೆ. ಬೆರಳು ಒತ್ತುವುದರಲ್ಲಿ ಕಾಲು ಸೆಕೆಂಡು ತಡವಾಗುವುದು ಸಹಜ, ಪ್ರೋಗ್ರಾಮಿನಲ್ಲಿ ಅಷ್ಟನ್ನು ಕಳೆಯಿರಿ.

ಕೆಟ್ಟರೆ ಎಲ್ಲಿ ನೋಡಬೇಕು

ಒಮ್ಮೆ ಸರಿಯಾಗಿ, ಒಮ್ಮೆ ಒಂದು ಸುತ್ತು ಹಿಂದಿನಿಂದ ಶುರುವಾಗುತ್ತಿದ್ದರೆ ಯಾವುದೂ ಕೆಟ್ಟಿಲ್ಲ. ಮುಳ್ಳು ಎರಡು ಗ್ರೂವ್‌ಗಳ ನಡುವಿನ ದಿಣ್ಣೆಯ ಮೇಲೆ ಇಳಿದು, ಬಿದ್ದ ಕಡೆ ಜಾರುತ್ತಿದೆ. ಬಿಲ್ಲೆಯನ್ನು ಅರ್ಧ ಗುರುತು ತಿರುಗಿಸಿ. ಅತಿ ಹೆಚ್ಚು ಬರುವ ತೊಂದರೆ ಇದೇ, ಅತಿ ಸುಲಭದ ಮದ್ದೂ ಇದೇ.

ಶುರುವಾಗುವ ಜಾಗ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಒಳಗೆ ಸರಿಯುತ್ತಿದ್ದರೆ ಆರ್ಮ್ ತಡೆಯವರೆಗೆ ಜಾರುತ್ತಿಲ್ಲ. ಪಿಟಿಎಫ್‌ಇ ಮೇಲೆ ಧೂಳೋ ಕೈಯ ಎಣ್ಣೆಯೋ ಕೂತಿದೆ; ಸ್ಪಿರಿಟ್‌ನಲ್ಲಿ ಒರೆಸಿ. ಒರೆಸಿದರೂ ಹಾಗೇ ಇದ್ದರೆ ಆರ್ಮಿನ ತಂತಿ ತಿರುಗುಗೂಟದ ಬಳಿ ಬಿಗಿದುಕೊಂಡಿರಬಹುದು. ಹೊರಕ್ಕೆ ಸರಿಯುತ್ತಿದ್ದರೆ ತಡೆಯ ಪಟ್ಟಿಯೇ ಬಾಗುತ್ತಿದೆ ಅಥವಾ ಎರಡು ಬದಿಯ ಟೇಪಿನ ಮೇಲೆ ನಿಲ್ಲಿಸಿದ್ದೀರಿ. ಟೇಪು ದಿನಗಟ್ಟಲೆ ಮೆಲ್ಲಗೆ ಹರಿಯುತ್ತಲೇ ಇರುತ್ತದೆ. ಜಾಗ ಎತ್ತೆತ್ತಲೋ ಬದಲಾಗುತ್ತಿದ್ದರೆ ಆರ್ಮಿನ ಬೇರಿಂಗ್ ಸಡಿಲವಿದೆ. ಹೆಡ್‌ಶೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದರೆ ಕೈಗೇ ಗೊತ್ತಾಗುತ್ತದೆ, ಅದನ್ನು ಸರಿಮಾಡದೆ ಈ ಕೆಲಸಕ್ಕೆ ಕೈಹಾಕಬಾರದು.

78ರ ಪ್ಲೇಟುಗಳಿಗೆ

ಸ್ಟೀಲ್ ಮುಳ್ಳಿನ ಕೀಲಿ ಗ್ರಾಮಫೋನಿಗೆ ಇದು ಸಲ್ಲದು. ಅದರ ಸೌಂಡ್‌ಬಾಕ್ಸ್ ನೂರು ಗ್ರಾಮಿಗೂ ಹೆಚ್ಚು ಭಾರ ಹಾಕುತ್ತದೆ, ಸರ್ವೋ ಎತ್ತಿದರೂ ಇಳಿಸಿದ ಕಡೆ ಅರಗು ಸವೆದುಹೋಗುತ್ತದೆ. 78 ವೇಗವೂ ಅದಕ್ಕೊಪ್ಪುವ ದಪ್ಪ ತುದಿಯ ಮುಳ್ಳೂ ಇರುವ ಎಲೆಕ್ಟ್ರಿಕ್ ಪ್ಲೇಯರಿನಲ್ಲಿ ಮಾತ್ರ ಹೊಂದಿಸಬಹುದು. ಒಂದು ಸುತ್ತು 0.77 ಸೆಕೆಂಡು, ಗ್ರೂವ್ ಅಂತರ ಸುಮಾರು 0.25 ಮಿ.ಮೀ., ಅಂದರೆ ಬಿಲ್ಲೆಯ ಎರಡು ಗುರುತಿಗೆ ಒಂದು ಗ್ರೂವ್. ಗುರಿ ಎರಡರಷ್ಟು ಅಗಲ, ತಪ್ಪಿದರೂ ನಷ್ಟ ಮುಕ್ಕಾಲು ಸೆಕೆಂಡು. ಮುಳ್ಳಿನ ಭಾರ 4 ಗ್ರಾಮಿಗೆ ಏರಿದರೆ ಕಮಾನಿನ ಮೇಲೆ 18 ಗ್ರಾಂ ಕೂರುತ್ತದೆ, ತಿಕ್ಕಾಟವೂ ಇಮ್ಮಡಿ. ಆಂಟಿ-ಸ್ಕೇಟಿಂಗನ್ನೂ ಅದೇ ಪ್ರಮಾಣದಲ್ಲಿ ಏರಿಸಬೇಕು, ಕಂಪನವನ್ನು 0.3 ಸೆಕೆಂಡಿಗೆ ಹೆಚ್ಚಿಸಬೇಕು. ತಡದ ಪೊಟೆನ್ಷಿಯೋಮೀಟರಿನ ಹರವನ್ನು ಪ್ರೋಗ್ರಾಮಿನಲ್ಲಿ 0ರಿಂದ 0.77 ಸೆಕೆಂಡಿಗೆ ಇಳಿಸಿ, ಇಲ್ಲವಾದರೆ ಗುಬುಟಿನ ಅರ್ಧಕ್ಕಿಂತ ಹೆಚ್ಚು ಭಾಗ ಎರಡನೇ, ಮೂರನೇ ಸುತ್ತಿನಲ್ಲೇ ತಿರುಗುತ್ತಿರುತ್ತದೆ.